ಸವಿತಾ ಸಾವು ನಮಗೂ ಪಾಠ

ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 31. ಹದಿನೇಳು ವಾರದ ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ಗರ್ಭಪಾತ ಮಾಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವಾಗ ಸಾಧ್ಯವಿಲ್ಲ ಎಂಬ ಉತ್ತರ ಬಂತು. 'ಇದು ಕ್ಯಾಥೊಲಿಕ್ ದೇಶ' ಎಂಬ ಮಾತು ಆಡಿದ್ದನ್ನು ಸೂಲಗಿತ್ತಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜು ಮೈಗೇರಿ ಜೀವ ಹೋಯಿತು. ಸವಿತಾ ಆ ಧರ್ಮದವರೂ ಅಲ್ಲ, ಆ ದೇಶದವರೂ ಅಲ್ಲ. ಆದರೂ ಆ ನಂಬಿಕೆಯ ಬೆಲೆ ತೆತ್ತವರು ಅವರೇ.

'ನಮ್ಮಲ್ಲಿ ಹಾಗಿಲ್ಲವಲ್ಲ' ಎನ್ನಬಹುದು. ನಿಜ, ನಮ್ಮಲ್ಲಿ 1971ರಿಂದಲೇ ಗರ್ಭಪಾತಕ್ಕೆ ಕಾನೂನಿದೆ. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡನದಾಗಲಿ, ಅಪ್ಪನದಾಗಲಿ ಬೇಕಿಲ್ಲ. ಅವಿವಾಹಿತೆಗೂ 24 ವಾರದವರೆಗೆ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ.

ಆದರೆ ಹಳ್ಳಿಮೈಸೂರಿನಂಥ ಊರುಗಳಲ್ಲಿ ಕಾನೂನಿಗಿಂತ ಮೊದಲು ಮಾತಾಡುವುದು ಜಾತಿ ಮತ್ತು ಮರ್ಯಾದೆ. ಮದುವೆಯಾಗದ ಹುಡುಗಿ ಬಸುರಾದರೆ 'ಹುಡುಗ ಯಾವ ಜನ?' ಎಂಬ ಪ್ರಶ್ನೆ ಮೊದಲು ಬರುತ್ತದೆ, 'ನೀನು ಹೇಗಿದ್ದೀಯಮ್ಮ?' ಎಂಬುದು ಆಮೇಲೆ. ಬೇರೆ ಜಾತಿಯಾದರೆ ಗುಟ್ಟಾಗಿ ತೆಗೆಸಿಬಿಡಿ ಎನ್ನುತ್ತಾರೆ. ಮದುವೆಯಾದವಳು ಬೇಡವೆಂದರೆ ಅದೇ ಬಾಯಿ 'ಪಾಪ' ಎನ್ನುತ್ತದೆ. ಹೊಟ್ಟೆಯಲ್ಲಿರುವುದು ಹೆಣ್ಣೆಂದು ತಿಳಿದರೆ ಪಾಪದ ಮಾತೇ ಇಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರ ಕೊನೆಯಲ್ಲಿ ಬಯಲಾದದ್ದು ಎಲ್ಲರಿಗೂ ನೆನಪಿದೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆಯೇ ನಿಷೇಧಿಸಿದೆ.

ಅಲ್ಲಿ ಬೇಡವೆಂದವಳಿಗೆ ತೆಗೆಯಲಿಲ್ಲ. ಇಲ್ಲಿ ಬೇಕೆಂದವಳಿಗೂ ತೆಗೆಸುತ್ತಾರೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಎರಡೂ ಕಡೆ ನಿರ್ಧಾರ ಬೇರೆಯವರದು, ನೋವು ಮಾತ್ರ ಅವಳದು. ಆ ನೋವಿಗೆ ಹೆದರಿ, ಗುಟ್ಟು ರಟ್ಟಾದೀತೆಂದು ಯಾರನ್ನೂ ಕೇಳದೆ ಮಾತ್ರೆ ನುಂಗುವ ಹುಡುಗಿಯರ ಜೀವಕ್ಕೇ ಅಪಾಯ.

ಐರ್ಲೆಂಡ್ ಬದಲಾಯಿತು. 2018ರ ಮೇ 25ರ ಜನಮತಗಣನೆಗೆ ಮುನ್ನ ಸವಿತಾರ ತಂದೆ ಬೆಳಗಾವಿಯಿಂದಲೇ ಅಲ್ಲಿನ ಮತದಾರರಿಗೆ ಮನವಿ ಮಾಡಿದ್ದರು. ಕ್ಯಾಥೊಲಿಕರೇ ಹೆಚ್ಚಿರುವ ಆ ದೇಶದಲ್ಲಿ ಶೇ 66ರಷ್ಟು ಮಂದಿ ನಿಷೇಧ ತೆಗೆಯಲು ಮತ ಹಾಕಿದರು. ಅದಕ್ಕಾಗಿ ಅವರು ದೇವರನ್ನು ಬಿಡಬೇಕಾಗಲಿಲ್ಲ.

ನಾವೂ ದೇವರನ್ನಾಗಲಿ, ಮನೆತನವನ್ನಾಗಲಿ ಬಿಡಬೇಕಿಲ್ಲ. ಗೆಳೆಯರೇ, ನಮ್ಮ ಮನೆಯಲ್ಲಿ ಅಕ್ಕನೋ ತಂಗಿಯೋ ಇಂಥ ಇಕ್ಕಟ್ಟಿಗೆ ಸಿಕ್ಕಾಗ ಜಾತಿ ಕೇಳುವ ಮೊದಲು 'ನಿನಗೇನು ಬೇಕು?' ಎಂದು ಕೇಳೋಣ. ತಡಮಾಡದೆ ಅವಳನ್ನು ಒಳ್ಳೆಯ ವೈದ್ಯರ ಬಳಿ ಕರೆದೊಯ್ಯೋಣ.