ಹದಿನೆಂಟರ ಕೈಗೆ ಬೆಂಜ್ ಕೀ ಯಾಕೆ?

ಪಿಯುಸಿ ಮುಗೀತು, ಹದಿನೆಂಟು ತುಂಬಿತು. ಮನೆಯಲ್ಲಿ ಹೊಸ ರಾಗ ಶುರು: ‘ಅಮ್ಮಾ, ಕಾರು!’ ಕಳೆದ ವರ್ಷದವರೆಗೆ ಬೈಕ್ ಬೈಕ್ ಅಂತ ಜಪ ಮಾಡುತ್ತಿದ್ದ ಹುಡುಗ ಈಗ ನಾಲ್ಕು ಚಕ್ರಕ್ಕೆ ಬಂದಿದ್ದಾನೆ. ಅದೂ ಎಂಥೆಂಥದೋ ಕಾರು ಆಗೋದಿಲ್ಲ. ಬೆಂಜ್, ಇಲ್ಲವೇ ಬಿಎಂಡಬ್ಲ್ಯು, ಕಡೇಪಕ್ಷ ಒಂದು ಆಡಿ. ಉದ್ದನೆಯ ಬಾನೆಟ್ಟು, ಹಿಂದೆ ಡಿಕ್ಕಿ ಇರುವ ಐಷಾರಾಮಿ ಸೆಡಾನ್.

‘ಅಷ್ಟು ದುಡ್ಡು ಎಲ್ಲಿಂದ ತರೋದು ಮಾರಾಯ?’ ಅಂತ ನೀವು ಬಾಯಿ ತೆಗೆಯುವ ಮೊದಲೇ ಉತ್ತರ ರೆಡಿ. ಹೊಸದಲ್ಲಮ್ಮಾ, ಸೆಕೆಂಡ್ ಹ್ಯಾಂಡು. ಬೆಂಗಳೂರಲ್ಲೋ ಮಡಗಾಂವದಲ್ಲೋ ಹತ್ತು ವರ್ಷ ಹಳೆಯದು ಸಿಗ್ತದೆ, ಹೊಸ ಡಿಸೈರ್ ರೇಟಿಗೇ ಆಡಿ! ಅಪ್ಪನಿಗೂ ಒಳಗೊಳಗೇ ಆಸೆ. ಕಾರವಾರದ ಬೀಚ್ ರೋಡಿನಲ್ಲಿ, ಅಂಕೋಲೆಯ ಬಂಡಿಹಬ್ಬದ ದಿನ ನಾಲ್ಕು ಜನರೆದುರು ಮಗ ಇಳಿಯಬೇಕಾದ್ದು ಅಂಥ ಕಾರಿನಿಂದಲೇ ಅಂತ. ಕೊನೆಗೆ ಇಬ್ಬರೂ ಸೇರಿ ನಿಮ್ಮ ಬಾಯಿ ಮುಚ್ಚಿಸಲು ಒಂದು ಮಾತು ಹೇಳುತ್ತಾರೆ: ‘ದೊಡ್ಡ ಕಾರು ಸೇಫ್ ಕಣೇ. ನಿನ್ನ ಮಗನ ಜೀವಕ್ಕಿಂತ ದುಡ್ಡು ಹೆಚ್ಚಾ?’

ತಾಯಿಯಾದವಳು ಈ ಮಾತಿಗೆ ಕರಗದೆ ಇರುತ್ತಾಳೆಯೇ? ಕರಗುವ ಮೊದಲು ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾಕೆಂದರೆ ಅದರಲ್ಲಿ ಅರ್ಧ ನಿಜವಿದೆ, ಉಳಿದರ್ಧ ನಿಜವಲ್ಲ.

ನಿಜವಿರುವ ಅರ್ಧ ಮೊದಲು. ತೀರಾ ಪುಟ್ಟ ಕಾರಿಗಿಂತ ತೂಕದ ಕಾರು ಅಪಘಾತದಲ್ಲಿ ಒಳಗಿದ್ದವರನ್ನು ಹೆಚ್ಚು ಕಾಪಾಡುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯೂ ಹದಿಹರೆಯದವರಿಗೆ ತೀರಾ ಚಿಕ್ಕ ಕಾರು ಬೇಡ ಅಂತಲೇ ಹೇಳುತ್ತದೆ. ಆದರೆ ಅದೇ ಉಸಿರಿನಲ್ಲಿ, ಅತಿ ಶಕ್ತಿಯ ಎಂಜಿನ್ನಿನ ಕಾರೂ ಬೇಡ ಅನ್ನುತ್ತದೆ. ನಮ್ಮ ಗಂಡಸರು ಮೊದಲನೆಯ ಮಾತನ್ನು ಮನೆಗೆ ತರುತ್ತಾರೆ, ಎರಡನೆಯದನ್ನು ಶೋರೂಮಿನಲ್ಲೇ ಬಿಟ್ಟು ಬರುತ್ತಾರೆ.

ಈಗಿನ ಬೆಂಜ್ ಸಿ ಕ್ಲಾಸಿನ ಪೆಟ್ರೋಲ್ ಎಂಜಿನ್ನಿಗೆ 204 ಕುದುರೆ ಶಕ್ತಿ. ಡಿಸೈರಿಗೆ ಸುಮಾರು 80. ಬೆಂಜ್ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಬೇಕಾಗುವುದು ಏಳು ಸೆಕೆಂಡು ಚಿಲ್ಲರೆ. ಕಾದ ಎಣ್ಣೆಗೆ ಹಾಕಿದ ಸಾಸಿವೆ ಸಿಡಿದು ಮುಗಿಯುವಷ್ಟು ಹೊತ್ತು, ಅಷ್ಟೇ. ಇನ್ನೊಂದು ವಿಷಯ. ಇಂಥ ಕಾರಿನೊಳಗೆ ಸದ್ದಿಲ್ಲ, ಕುಲುಕಾಟವಿಲ್ಲ. ನೂರರಲ್ಲಿ ಹೋಗುತ್ತಿದ್ದರೂ ಅರವತ್ತರಲ್ಲಿ ಇದ್ದ ಹಾಗೆ ಅನಿಸುತ್ತದೆ. ಹತ್ತಾರು ವರ್ಷ ಓಡಿಸಿದವರಿಗೆ ಅದು ಸುಖ. ಕ್ಲಚ್ಚು ಬ್ರೇಕು ಈಗಷ್ಟೇ ಕಲಿತವನಿಗೆ ಅದು ಮೋಸ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಇಪ್ಪತ್ತೆಂಟು ಮೀಟರ್ ಓಡಿಬಿಡುತ್ತದೆ. ಅರವತ್ತರಲ್ಲಿ ಬಡಿಯುವುದಕ್ಕಿಂತ ಪೆಟ್ಟಿನ ಬಲ ಎರಡೂವರೆ ಪಟ್ಟಿಗೂ ಮಿಕ್ಕಿ ಇರುತ್ತದೆ.

ಪೆಟ್ಟು ಯಾರಿಗೆ ಅನ್ನುವುದನ್ನೂ ಕೇಳಿಕೊಳ್ಳಿ. ಏರ್‌ಬ್ಯಾಗ್ ಇರುವುದು ಒಳಗಿದ್ದವರಿಗೆ. ಬಿಣಗಾ ದಾಟಿದ ಮೇಲೆ ಚೆಂಡಿಯಾ, ಅಮದಳ್ಳಿ, ಹಾರವಾಡ, ಅವರ್ಸಾ ಅಂತ ಹೆದ್ದಾರಿ 66ರ ಎರಡೂ ಮಗ್ಗುಲಲ್ಲಿ ಊರುಗಳಿವೆ. ಮೀನಿನ ಬುಟ್ಟಿ ತಲೆಮೇಲಿಟ್ಟುಕೊಂಡು ಬಸ್ಸಿಗಾಗಿ ರಸ್ತೆ ದಾಟುವ ಹೆಂಗಸರಿದ್ದಾರೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ, ಡಿವೈಡರ್ ಮೇಲೆ ಮಲಗುವ ದನಗಳಿವೆ. ಅವರಿಗೆ ಯಾವ ಕಂಪನಿ ಏರ್‌ಬ್ಯಾಗ್ ಕೊಟ್ಟಿದೆ?

2024ರ ಮೇ 19ರ ರಾತ್ರಿ ಎರಡೂವರೆ ಸುಮಾರಿಗೆ ಪುಣೆಯ ಕಲ್ಯಾಣಿ ನಗರದಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಹನ್ನೆರಡನೇ ತರಗತಿ ಪಾಸಾದ ಖುಷಿಗೆ ಪಾರ್ಟಿ ಮುಗಿಸಿಬಂದ ಹದಿನೇಳರ ಹುಡುಗ. ಕೈಯಲ್ಲಿ ಪೋರ್ಷೆ ಟೇಕಾನ್, ಅದೂ ಐಷಾರಾಮಿ ಸೆಡಾನೇ. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಯುವ ಎಂಜಿನಿಯರುಗಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಸತ್ತರು. ಕಾರಿಗೆ ಕಾಯಂ ನೋಂದಣಿಯೂ ಆಗಿರಲಿಲ್ಲ. ಬಾಕಿಯಿದ್ದ ಶುಲ್ಕ ಬರೀ 1,758 ರೂಪಾಯಿ. ಮುನ್ನೂರು ಪದಗಳ ಪ್ರಬಂಧ ಬರೆ ಅಂತ ಹೇಳಿ ಹುಡುಗನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟದ್ದಕ್ಕೆ ದೇಶವೇ ಸಿಟ್ಟಾಯಿತು. ನಂತರ ಅಪ್ಪ ಜೈಲಿಗೆ ಹೋದ. ಮಗನ ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ಜೂನ್ 1ರಂದು ತಾಯಿಯನ್ನೂ ಪೊಲೀಸರು ಬಂಧಿಸಿದರು. ಕೀ ಕೊಟ್ಟ ದಿನ ಆ ಮನೆಯಲ್ಲಿ ಯಾರಾದರೂ ಒಬ್ಬರು ಗಟ್ಟಿಯಾಗಿ ಬೇಡ ಅಂದಿದ್ದರೆ ಅನ್ನಿಸುವುದಿಲ್ಲವೇ?

‘ಅದು ಪುಣೆ, ಪಬ್ಬು ಗಿಬ್ಬು, ನಮ್ಮೂರಲ್ಲಿ ಎಲ್ಲಿ?’ ಅನ್ನಬೇಡಿ. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಅಲ್ಲಿ ಹದಿನೆಂಟಕ್ಕೇ ಕುಡಿಯಲು ಕಾನೂನಿನ ಅಡ್ಡಿಲ್ಲ. ಶನಿವಾರ ಸಂಜೆ ‘ಪಾಳೊಳೆಂ ಬೀಚಿಗೆ ಹೋಗಿ ಬೇಗ ಬರ್ತೇವೆ’ ಅಂತ ನಾಲ್ಕು ಹುಡುಗರು ಹೊರಟರೆ ಬರುವ ಹೊತ್ತು ಗೊತ್ತೇ ಇದೆಯಲ್ಲ.

ಆರ್‌ಸಿಯಲ್ಲಿ ಯಾರ ಹೆಸರು?

ಈ ಪ್ರಶ್ನೆ ನಿಮಗೇ ಕೇಳುತ್ತಿರುವುದು. ಎಷ್ಟೋ ಮನೆಗಳಲ್ಲಿ ಸಾಲದ ಅನುಕೂಲಕ್ಕೋ ತೆರಿಗೆಯ ಲೆಕ್ಕಕ್ಕೋ ಕಾರು ಹೆಂಡತಿಯ ಹೆಸರಿನಲ್ಲಿರುತ್ತದೆ. ಸಹಿ ಹಾಕು ಅಂದರು, ಹಾಕಿದಿರಿ. ಹಾಗಿದ್ದರೆ ಕಾನೂನು ಮೊದಲು ಬಾಗಿಲು ತಟ್ಟುವುದು ನಿಮ್ಮದನ್ನೇ.

ಹದಿನೆಂಟು ತುಂಬದೆ ಕಾರು ಓಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅನ್ನುವ ಕಲಂ ಸೇರಿತು. ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನನಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋದ ಅಂದರೆ ಅದನ್ನು ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಕೀ ಟಿವಿ ಮೇಲೆ ಬಿದ್ದಿತ್ತು ಅಂದರೆ ಕೋರ್ಟು ಕೇಳುತ್ತದೆಯೇ? ಇನ್ನು ಲೈಸೆನ್ಸ್ ಇಲ್ಲದವನು ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟರೂ ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಮನೆ, ತೋಟ, ಬಂಗಾರ ಎಲ್ಲ ಆ ಲೆಕ್ಕಕ್ಕೆ ಬರುತ್ತದೆ.

ಹದಿನೆಂಟು ತುಂಬಿದರೆ ಎಲ್ಲ ಸರಿಹೋಯಿತೇ? ಕಾಗದದ ಮೇಲೆ ಹೋಯಿತು. ಕಲಿಕಾ ಲೈಸೆನ್ಸ್ ಸಿಕ್ಕಿ ಮೂವತ್ತು ದಿನಕ್ಕೆ ಕಾಯಂ ಲೈಸೆನ್ಸಿನ ಪರೀಕ್ಷೆಗೆ ಕೂರಬಹುದು. ಪಾಸಾದರೆ ಅದೇ ಲೈಸೆನ್ಸಿನಲ್ಲಿ ಆಲ್ಟೋ ಕೂಡ, ಬೆಂಜ್ ಕೂಡ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹಾಗಿಲ್ಲ. ಹೊಸ ಲೈಸೆನ್ಸಿನವರು ಕಾರಿಗೆ ‘ಪಿ’ ಫಲಕ ಹಾಕಿಕೊಳ್ಳಬೇಕು, ತೂಕಕ್ಕೆ ಹೋಲಿಸಿದರೆ ಶಕ್ತಿ ವಿಪರೀತ ಇರುವ ಕಾರನ್ನು ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಸರ್ಕಾರ ಆ ಕೆಲಸ ಮಾಡಿಲ್ಲ. ಮನೆಯವರು ಮಾಡಬೇಕು, ಅಂದರೆ ನೀವು.

ಹಳೇ ಆಡಿಯ ಹೊಸ ಬಿಲ್ಲು

ಗಂಡನಿಗೆ ಜೀವದ ಮಾತು ಹಿಡಿಸದಿದ್ದರೆ ದುಡ್ಡಿನ ಮಾತು ಹೇಳಿ ನೋಡಿ. ಕಾರಿನ ಬೆಲೆ ಹತ್ತು ವರ್ಷದಲ್ಲಿ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹತ್ತು ಲಕ್ಷಕ್ಕೆ ಕೊಂಡರೂ ಹೆಡ್‌ಲೈಟು, ಸಸ್ಪೆನ್ಷನ್ನು, ಗೇರ್‌ಬಾಕ್ಸ್ ಎಲ್ಲ ಅರ್ಧ ಕೋಟಿ ಕಾರಿನದೇ ರೇಟು. ಹದಿನೆಂಟರ ಹುಡುಗ ಗೇಟಿಗೆ ಒಂದು ಸಲ ಉಜ್ಜುತ್ತಾನೆ, ಅದು ಖಂಡಿತ. ಡಿಸೈರಿನಲ್ಲಿ ಉಜ್ಜಿದರೆ ಬೈದು ಸುಮ್ಮನಾಗಬಹುದು.

ಸರ್ವಿಸ್‌ಗೆ ಗೋವಾ ಅಥವಾ ಮಂಗಳೂರಿನ ಕಡೆಗೆ ಹೋಗಬೇಕು. ಸೆನ್ಸರ್ ಕೈಕೊಟ್ಟರೆ ಊರಿನ ಮೆಕ್ಯಾನಿಕ್ ಏನು ಮಾಡಿಯಾನು? ಜೊತೆಗೆ ನಮ್ಮ ಉಪ್ಪುಗಾಳಿ. ತಳಭಾಗದ ಕಬ್ಬಿಣ, ವೈರಿಂಗ್ ಕನೆಕ್ಟರು ಎಲ್ಲ ಸಮುದ್ರದ ಊರಲ್ಲಿ ಬೇಗ ತಿಂದುಹೋಗುತ್ತದೆ. ಮಳೆಗಾಲದಲ್ಲಿ ಅರ್ಗಾ, ಚೆಂಡಿಯಾ ಹತ್ತಿರ ಹೆದ್ದಾರಿ ಮೇಲೇ ನೀರು ನಿಲ್ಲುವುದು ನೋಡಿದ್ದೀರಲ್ಲ. ನೆಲಕ್ಕೆ ಹತ್ತಿರವಿರುವ ಸೆಡಾನಿನ ಎಂಜಿನ್ನಿಗೆ ನೀರು ನುಗ್ಗಿದರೆ ಮಾಮೂಲಿ ವಿಮೆಯಲ್ಲಿ ಹಣ ಬರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇರೆ ಮಾಡಿಸಿರಬೇಕು. ಮಹಾನಗರಗಳ ನೆರೆಯಲ್ಲಿ ಮುಳುಗಿದ ಕಾರುಗಳೇ ತೊಳೆದು ಒರೆಸಿ ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ ಅನ್ನುವುದು ನೆನಪಿರಲಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಇದೆಯೇ ನೋಡಿ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡ ಕಾರಿಗೆ ಮತ್ತೆ ಅಸಲಿ ಏರ್‌ಬ್ಯಾಗ್ ಹಾಕಿದ್ದಾರೋ, ಖಾಲಿ ಮುಚ್ಚಳ ಮಾತ್ರ ಹಾಕಿದ್ದಾರೋ ಹೊರಗಿನಿಂದ ತಿಳಿಯುವುದೇ ಇಲ್ಲ. ಸೇಫ್ ಅಂತ ಕೊಂಡ ಕಾರಿನ ಕಥೆ ಇಷ್ಟು.

ಗೋವಾ ನಂಬರಿನದು ಅಗ್ಗ ಅಂತ ತಂದರೂ ಹನ್ನೆರಡು ತಿಂಗಳು ದಾಟಿ ಇಲ್ಲೇ ಇಟ್ಟುಕೊಂಡರೆ ಕೆಎ 30ಕ್ಕೆ ಬದಲಿಸಿ ಕರ್ನಾಟಕದ ತೆರಿಗೆ ಕಟ್ಟಲೇಬೇಕು. ನಮ್ಮ ರಾಜ್ಯದ ರಸ್ತೆ ತೆರಿಗೆ ದೇಶದಲ್ಲೇ ದುಬಾರಿಯ ಸಾಲಿನಲ್ಲಿದೆ.

ಸೆಡಾನೇ ಬೇಕು ಅಂತ ಹಟ ಹಿಡಿದರೆ ಅಡ್ಡಿಲ್ಲ, ಕೊಡಿಸಿ. ಹೊಸ ಡಿಸೈರ್ 2024ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆಯಿತು. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ 2023ರಲ್ಲೇ ಐದು ಸ್ಟಾರ್ ತಂದಿದ್ದವು. ಅವುಗಳ ಒಂದು ಲೀಟರ್ ಎಂಜಿನ್ನೇ ಬೇಕಾದಷ್ಟಾಯಿತು, ಒಂದೂವರೆ ಲೀಟರಿನದಕ್ಕೆ ಹೂಂ ಅನ್ನಬೇಡಿ. ಆರು ಏರ್‌ಬ್ಯಾಗ್ ಮತ್ತು ಜಾರುವ ಕಾರನ್ನು ಹಿಡಿದು ನಿಲ್ಲಿಸುವ ಇಎಸ್‌ಸಿ, ಇವೆರಡು ಇದ್ದರೆ ಜಾಣ ಕಾರು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿದಿದೆ, ದೊಡ್ಡದಕ್ಕೆ 40. ಆ ಲೆಕ್ಕದಲ್ಲೂ ಡಿಸೈರ್ ಬಳಗವೇ ಮೇಲು.

ಕಾರು ಯಾವುದೇ ಇರಲಿ, ಬೆಲ್ಟ್ ಹಾಕದಿದ್ದರೆ ಎಲ್ಲ ದಂಡ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಸತ್ತದ್ದು ಬೆಂಜ್ ಕಾರಿನಲ್ಲೇ. ಹಿಂದಿನ ಸೀಟಿನ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ.

ಕೀ ಕೊಡುವ ಮುಂಚೆ ಮನೆಯಲ್ಲಿ ಒಂದು ಒಪ್ಪಂದ ಆಗಲಿ. ಮೊದಲ ವರ್ಷ ಕತ್ತಲಾದ ಮೇಲೆ ಕಾರು ಶೆಡ್ಡಿನಲ್ಲಿ. ಗೆಳೆಯರನ್ನು ತುಂಬಿಕೊಂಡು ಹೋಗುವುದು ಬೇಡ, ಒಬ್ಬ ಸಾಕು. ಓರಗೆಯವರು ಹೆಚ್ಚಿದಷ್ಟೂ ಹೊಸ ಚಾಲಕರ ಅಪಘಾತ ಹೆಚ್ಚುತ್ತದೆ ಅನ್ನುವುದನ್ನು ಅಧ್ಯಯನಗಳೇ ತೋರಿಸಿವೆ. ಅಂಕೋಲೆಯಿಂದ ಹುಬ್ಬಳ್ಳಿ ಕಡೆ ಅರಬೈಲ್ ಘಾಟಿಗೆ ದೊಡ್ಡವರು ಪಕ್ಕದಲ್ಲಿಲ್ಲದೆ ಹೋಗುವ ಮಾತೇ ಇಲ್ಲ. 2025ರ ಜನವರಿ 22ರ ಬೆಳಗಿನ ಜಾವ ಅದೇ ಹೆದ್ದಾರಿಯಲ್ಲಿ, ಗುಳ್ಳಾಪುರದ ಹತ್ತಿರ, ಸವಣೂರಿನಿಂದ ಕುಮಟಾ ಸಂತೆಗೆ ಬರುತ್ತಿದ್ದ ತರಕಾರಿ ಲಾರಿ ಉರುಳಿ ಹತ್ತು ಜನ ಹೋದರು. ಮಳೆಗಾಲದಲ್ಲಂತೂ ನಮ್ಮ ರಸ್ತೆಗಳನ್ನು ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದದ್ದು, ಮೂರೇ ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಲಾರಿ ಸಮೇತ ಕುಸಿದದ್ದು ನಮ್ಮ ಕಣ್ಣೆದುರೇ ಅಲ್ಲವೇ? ತಲೆಗೆ ಜೋರು ಪೆಟ್ಟಾದರೆ ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವ ಜಿಲ್ಲೆ ನಮ್ಮದು.

ಹುಡುಗ ಮುಖ ಊದಿಸುತ್ತಾನೆ. ನಾಲ್ಕು ದಿನ ಊಟ ಸೇರುವುದಿಲ್ಲ ಅನ್ನುತ್ತಾನೆ. ಬಂಗಡೆ ಸಾರು ಮಾಡಿದ ದಿನ ತಾನಾಗೇ ಬಂದು ಕೂರುತ್ತಾನೆ ಬಿಡಿ.

ಅಂದಹಾಗೆ, ಇಷ್ಟು ಹೊತ್ತು ನಾವು ಮಾತಾಡಿದ್ದೆಲ್ಲ ಮಗನ ಕಾರಿನದ್ದು. ಮಗಳಿಗೆ ಹದಿನೆಂಟಾದಾಗ ಕಾರಿನ ಸುದ್ದಿ ಎತ್ತಿದ ಮನೆ ಎಷ್ಟಿವೆ? ಬೆಂಜ್ ಮನೆಗೆ ಬಂದರೆ ಅದರ ಕೀ ಮಗಳ ಕೈಗೂ ಬರುವುದಿಲ್ಲ, ನಿಮ್ಮ ಕೈಗೂ ಬರುವುದಿಲ್ಲ. ಗೀರು ಬಿದ್ದೀತು ಅಂತ ಮುಟ್ಟಲೂ ಬಿಡುವುದಿಲ್ಲ. ಚಿಕ್ಕ ಕಾರು ಬಂದರೆ ಮಗ ಕಾಲೇಜಿಗೆ ಹೋದ ಹೊತ್ತಿನಲ್ಲಿ ನೀವೂ ಮಗಳೂ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಡಬಹುದು. ಅರ್ಜಿ ಈಗ ಆನ್‌ಲೈನಿನಲ್ಲೇ ಹಾಕಬಹುದು, ಆಧಾರ್ ಕಾರ್ಡ್ ಹತ್ತಿರ ಇಟ್ಟುಕೊಳ್ಳಿ. ನಲವತ್ತು ದಾಟಿದ್ದರೆ ವೈದ್ಯರ ಸರ್ಟಿಫಿಕೇಟೂ ಬೇಕಾಗುತ್ತದೆ.