ಹೆಗಲು ಮುಟ್ಟಿ ನೋಡಿಕೊಳ್ಳೋಣ

ಅಕ್ಟೋಬರ್ ಕೊನೆ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹ್ಯಾಲೋವೀನ್ ಲೇವಡಿ ಶುರು. ತಿನ್ನುವ ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ಆಮೇಲೆ ಕಸಕ್ಕೆ ಎಸೆಯುತ್ತಾರಂತೆ, ಈ ಅಮೆರಿಕದವರು! ಇದನ್ನು ಕಳಿಸುವವರು ನಾವೇ. ಅದಕ್ಕೆ ಕೆಲವು ವಾರಗಳ ಹಿಂದೆ ಆಯುಧಪೂಜೆಯ ದಿನ ಐರೋಲಿಯ ಆಫೀಸಿನ ಗೇಟಿನಲ್ಲೋ, ಡೊಂಬಿವಲಿಯ ಸೊಸೈಟಿ ಮುಂದೋ ಬೂದುಗುಂಬಳ ಅಪ್ಪಳಿಸಿ, ಕೈ ತೊಳೆದುಕೊಂಡು ಒಳಗೆ ಹೋದವರೂ ನಾವೇ. ಕುಂಬಳಕಾಯಿ ಕಳ್ಳ ಎಂದರೆ ಗಾದೆಯವನು ಹೆಗಲನ್ನಾದರೂ ಮುಟ್ಟಿ ನೋಡಿಕೊಂಡ.

ಅಲ್ಲಿ ಎಷ್ಟೋ ಕಡೆ ಉಳಿದ ಕಾಯಿ ಹಂದಿಗೆ ಮೇವಾಗುತ್ತದೆ, ತೋಟಕ್ಕೆ ಗೊಬ್ಬರವಾಗುತ್ತದೆ. ನಮ್ಮದು ಯಾವುದಕ್ಕೂ ಆಗುವುದಿಲ್ಲ, ಯಾಕೆಂದರೆ ಒಡೆಯುವ ಮೊದಲೇ ತೂತು ಕೊರೆದು ಅಂಗಡಿಯ ಬಣ್ಣದ ಕುಂಕುಮ, ಚಿಲ್ಲರೆ ಕಾಸು ತುಂಬಿರುತ್ತೇವೆ. ಆ ತಿರುಳಿನ ಮೇಲೆ ಬೈಕು ಜಾರುತ್ತದೆ. ದನ ಬಾಯಿ ಹಾಕಿದರೆ ನಾಣ್ಯವೂ ಹೊಟ್ಟೆಗೆ. ವಿಜಯದಶಮಿಯ ಬೆಳಿಗ್ಗೆ ಅದನ್ನು ಬಳಿಯುವ ಸಫಾಯಿಯವರ ಮನೆಯಲ್ಲೂ ಅವತ್ತು ಹಬ್ಬವೇ ಅಲ್ಲವೇ?

ಶಾಸ್ತ್ರ ಬಿಡಬೇಕಾ ಎಂದು ಕೇಳುತ್ತೀರಿ. ಬೇಡ. ಪ್ರಾಣಿಬಲಿಯ ಬದಲಿಗೆ ಬಂದದ್ದು ಈ ಕೂಷ್ಮಾಂಡ ಬಲಿ; ಆ ಕೆಂಪು ರಕ್ತದ ಗುರುತು. ಕುರಿ ಕಡಿದವರು ಅದನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುತ್ತಿರಲಿಲ್ಲ, ಹಂಚಿಕೊಂಡು ಉಣ್ಣುತ್ತಿದ್ದರು. ದೃಷ್ಟಿ ತೆಗೆದದ್ದನ್ನು ತಿನ್ನಬಾರದು ಎಂದರೆ ತಿನ್ನಬೇಡಿ, ಮಣ್ಣಿಗೆ ಹಾಕಿ. ದೃಷ್ಟಿ ನುಂಗುವುದಕ್ಕೆ ಬೈಕಿನ ಟೈರಿಗಿಂತ ಮಣ್ಣು ವಾಸಿ.

ಬೇಕಾದದ್ದು ಇಷ್ಟೇ: ಗಾಡಿಗೊಂದರ ಬದಲು ಇಡೀ ಸೊಸೈಟಿಗೆ ಒಂದೇ ಕಾಯಿ, ಕಾಸು ಬೇಡ, ಕುಂಕುಮ ಸಿಪ್ಪೆಯ ಮೇಲೆ ಒಂದು ಚಿಟಿಕೆ, ಒಡೆಯುವುದು ತೋಟದ ಮೂಲೆಯಲ್ಲಿ. ಬೂದುಗುಂಬಳ ಹೆಚ್ಚುಕಡಿಮೆ ಬರೀ ನೀರು, ಒಂದನ್ನೇ ಗುಂಡಿಗೆ ಹಾಕಿದರೆ ಕೊಳೆತು ನಾರುತ್ತದೆ. ಚೂರು ಮಾಡಿ, ಅದರ ಎರಡು ಮೂರು ಪಟ್ಟು ಒಣ ಎಲೆ ಬೆರೆಸಬೇಕು. ಚೆಂಡುಹೂವನ್ನೂ ದಾರ ಬಿಚ್ಚಿ ಅಲ್ಲೇ ಹಾಕಬಹುದು. 5,000 ಚದರ ಮೀಟರಿಗಿಂತ ದೊಡ್ಡ ಸೊಸೈಟಿಗಳು ಹಸಿಕಸವನ್ನು ಆದಷ್ಟೂ ಆವರಣದೊಳಗೇ ಗೊಬ್ಬರ ಮಾಡಬೇಕೆಂದು 2016ರಲ್ಲೇ ನಿಯಮ ಬಂತು. ಗುಂಡಿ ಇದೆ, ಅದರ ಮೇಲೆ ಹಳೆ ಸೈಕಲ್ಲುಗಳೂ ಇವೆ. ಕಲ್ಯಾಣದ ಆಧಾರವಾಡಿ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗಲೆಲ್ಲ ಹೊಗೆ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು 'ಕೋತಿ ತಿನ್ನಲಿ' ಎಂದು ಮಿಕ್ಕಿದ್ದನ್ನೆಲ್ಲ ಠಾಣೆಯ ಯೇಊರ್ ಕಾಡಿನ ಅಂಚಿಗೆ ಸುರಿದು ಬರುವ ಧರ್ಮಾತ್ಮರು. ಕಾಡಿನಲ್ಲಿ ಕುಂಬಳ ಬಿಡಬೇಡಿ, ಹೆಜ್‌ಹಾಗ್‌ಗಳ ಹೊಟ್ಟೆ ಕೆಡುತ್ತದೆ ಎಂದು ಇಂಗ್ಲೆಂಡಿನಲ್ಲಿ ಹ್ಯಾಲೋವೀನ್ ಹೊತ್ತಿಗೆ ಅರಣ್ಯದವರು ಬೇಡಿಕೊಳ್ಳುತ್ತಾರೆ. ನಮ್ಮ ಕೋತಿಗೆ ಅದಕ್ಕಿಂತ ಕೆಟ್ಟದ್ದು ಕಾದಿದೆ: ಕೈತುತ್ತಿನ ರುಚಿ ಹತ್ತಿದ ಮೇಲೆ ಅದು ರಸ್ತೆಗೆ, ಆಮೇಲೆ ನಿಮ್ಮ ಬಾಲ್ಕನಿಗೆ.

ಪೂಜೆಗೆ ತಂದು ಒಡೆಯದೆ ಉಳಿದ ಕಾಯಿ ಇದ್ದರೆ ಅವಸರವಿಲ್ಲ, ಬಲಿತದ್ದು ತಿಂಗಳುಗಟ್ಟಲೆ ಕೆಡದು. ಕಾಶಿ ಹಲ್ವ ಮಾಡಿ, ಮಜ್ಜಿಗೆ ಹುಳಿ ಮಾಡಿ. ಬೀಜ ತೊಳೆದು ಒಣಗಿಸಿಡಿ. ಜೂನಿನಲ್ಲಿ ಮಳೆ ಹಿಡಿದಾಗ ಕಾಂಪೌಂಡಿನ ಬುಡಕ್ಕೆ ಊರಿದರೆ, ಮುಂದಿನ ದಸರೆಗೆ ಕೊಹಳಾ ಹುಡುಕಿಕೊಂಡು ವಾಶಿ ಮಾರ್ಕೆಟ್ಟಿಗೆ ಹೋಗುವುದು ತಪ್ಪೀತು.