ಅಂಕ ಬಂದರೆ ಮಾತು ಬಂದಂತೆಯೇ?

ಗಡಿನಾಡಿನ ಕನ್ನಡಿಗರ ಸಭೆಗಳಲ್ಲಿ ಭಾಷೆಯ ಕುರಿತ ವಾದವೆಲ್ಲ ಯಾವ ತರಗತಿಯಿಂದ, ಎಷ್ಟು ಅಂಕಕ್ಕೆ ಎಂಬಲ್ಲಿಗೇ ನಿಂತುಬಿಡುತ್ತದೆ. 2006ರ ತಮಿಳು ಕಲಿಕೆ ಕಾಯಿದೆಯು ಒಂದನೆಯ ತರಗತಿಯಿಂದ ಮೊದಲ್ಗೊಂಡು ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಆಯಿತು. ಆ ಹೋರಾಟ ನ್ಯಾಯವಾದುದೇ. ಆದರೆ ಹೇಗೂ ಕಲಿಯಲೇಬೇಕಾದ ಮಗುವಿಗೆ ಕಲಿಸುತ್ತಿರುವುದಾದರೂ ಏನು? "ಪರೀಕ್ಷೆ ದಾಟಿದರೆ ಸಾಕು, ಉಳಿದದ್ದನ್ನು ಹೊಸೂರಿನ ಬಜಾರು ಕಲಿಸುತ್ತದೆ" ಎನ್ನುವವರ ಮಾತನ್ನು ನಾವು ಒಪ್ಪಲಾರೆವು. ಬಜಾರು ಬೆಲೆ ಕೇಳುವುದನ್ನು ಕಲಿಸೀತು. ಹಿರಿಯರೊಡನೆ, ಅಧಿಕಾರಿಯೊಡನೆ, ಬೀಗರೊಡನೆ ಆಡುವ ಮಾತಿನ ಹದವನ್ನು ಕಲಿಸಲಾರದು.

ಒಂದೇ ಪದವನ್ನು ನೋಡೋಣ. ಕನ್ನಡದಲ್ಲಿ 'ನಾವು' ಒಂದೇ. ತಮಿಳಿನಲ್ಲಿ ಎರಡು: ಕೇಳುವವರನ್ನೂ ಸೇರಿಸಿಕೊಂಡರೆ 'ನಾಮ್', ಬಿಟ್ಟರೆ 'ನಾಂಗಳ್'. ಹಾಗೆಯೇ 'ನಮ್ಮ' ಮತ್ತು 'ಎಂಗಳ್'. ತೆಲುಗು ಮನೆಯ ಮಗುವಿಗೆ ಈ ತೊಡಕಿಲ್ಲ. 'ಮನಮು', 'ಮೇಮು' ಎಂಬ ಭೇದ ಅದರ ತಾಯ್ನುಡಿಯಲ್ಲೇ ಇದೆ. ಕನ್ನಡದ ಮಗುವಾದರೋ 'ನಮ್ಮ' ಎಂಬುದು ತನ್ನದೇ ಪದವೆಂದು ನಂಬಿ ಎಲ್ಲೆಡೆ ಬಳಸುತ್ತದೆ. ಅಧ್ಯಾಪಕರ ಮುಂದೆ ನಿಂತು 'ನಮ್ಮ ಅಪ್ಪಾ' ಎಂದರೆ ಆ ಅಪ್ಪ ಅಧ್ಯಾಪಕರಿಗೂ ಅಪ್ಪನಾದಂತಾಯಿತು! ತರಗತಿ ನಗುತ್ತದೆ, ಮಗು ಬಾಯಿ ಮುಚ್ಚುತ್ತದೆ. ತಿದ್ದಿಕೊಂಡು ಎಲ್ಲಕ್ಕೂ 'ಎಂಗಳ್' ಎನ್ನತೊಡಗಿದರೆ ಇನ್ನೂ ಕೆಟ್ಟಿತು. ಅದೇ ಶಾಲೆಯ ಗೆಳೆಯನೆದುರು 'ಎಂಗಳ್ ಪಳ್ಳಿ' ಎಂದೊಡನೆ ಅವನನ್ನು ಹೊರಗಿಟ್ಟಂತೆ. ಬರಿಯ ವ್ಯಾಕರಣದ ಕಣ್ಣಿಗೆ ಎರಡೂ ನಿರ್ದೋಷ.

1983ರಲ್ಲಿ ಜೆನ್ನಿ ಥಾಮಸ್ ಎಂಬ ಭಾಷಾವಿದುಷಿ ಎತ್ತಿ ತೋರಿದ್ದು ಇದನ್ನೇ. ವ್ಯಾಕರಣ ತಪ್ಪಿದವನಿಗೆ ಭಾಷೆ ಬಾರದೆಂದು ಜನ ಕ್ಷಮಿಸುತ್ತಾರೆ. ವ್ಯಾಕರಣ ಸರಿಯಿದ್ದು ಬಳಕೆ ತಪ್ಪಿದವನನ್ನು ಒರಟನೆನ್ನುತ್ತಾರೆ. ಚೆನ್ನಾಗಿ ಕಲಿತವನಿಗೇ ಹೆಚ್ಚಿನ ದಂಡ!

ತಮಿಳು ಪಾಠವನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮೊಮ್ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆಯಾಗಿದೆ. ಸಂಘಗಳ ಕನ್ನಡ ತರಗತಿಗಳಲ್ಲಿ ಒತ್ತಕ್ಷರ, ವಚನ ಕಂಠಪಾಠ, ಬಹುಮಾನ ಎಲ್ಲವೂ ಉಂಟು. ಬಹುಮಾನ ಪಡೆದ ಮಗುವೇ ಮನೆಗೆ ಬಂದ ಹಿರಿಯರಿಗೆ "ದಯವಿಟ್ಟು ಕುಳಿತುಕೋ" ಎನ್ನುತ್ತದೆ. ಪುಸ್ತಕದ ವಿನಯ 'ದಯವಿಟ್ಟು'ವಿನಲ್ಲಿದೆ. ಕನ್ನಡದ ವಿನಯ ಕ್ರಿಯಾಪದದ ಬಾಲದಲ್ಲಿದೆ. "ಕಾಫಿ ಬೇಡಮ್ಮ" ಎಂಬ ಅತಿಥಿಯ ಮೊದಲ 'ಬೇಡ'ವನ್ನು ನಿಜವೆಂದೇ ತಿಳಿದು ಮಗು ಒಳಗೆ ಹೊರಟುಹೋಗುತ್ತದೆ. (ಎರಡನೆಯ 'ಬೇಡ'ವೂ ಅನೇಕ ವೇಳೆ ನಿಜವಲ್ಲ.) ಕೂಡಲೇ ಹಿರಿಯರು ಸಂಸ್ಕಾರವಿಲ್ಲವೆಂದು ಮುಖ ಸಿಂಡರಿಸುತ್ತಾರೆ. ಕಲಿಸದ ಪಾಠವನ್ನು ಒಪ್ಪಿಸೆಂದು ಗದರುವುದು ಯಾವ ನ್ಯಾಯ?

ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿಬರುತ್ತೇನೆ' ಎನ್ನುವುದು ತಮಿಳಿನಲ್ಲಿಯೂ ಹಾಗೆಯೇ ಇದೆ: 'ಪೋಯಿಟ್ಟು ವರೇನ್'. ಎಲ್ಲಿ ಎರಡು ಭಾಷೆಗಳು ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಜೊತೆಜೊತೆಗೆ ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ. ಸಂಘದ ಪದಾಧಿಕಾರಿಗಳಲ್ಲಿ ನಮ್ಮ ಒತ್ತಾಯವಿಷ್ಟು: ಬರುವ ಬೇಸಿಗೆ ತರಗತಿಯಲ್ಲಿ ಕಂಠಪಾಠದ ಅರ್ಧ ವೇಳೆಯನ್ನು ಕೇಳಿಕೊಳ್ಳುವುದು, ನಿರಾಕರಿಸುವುದು, ಕ್ಷಮೆ ಕೋರುವುದು, ಬೀಳ್ಕೊಳ್ಳುವುದು ಇವುಗಳ ಅಭಿನಯಕ್ಕೆ ಮೀಸಲಿಡಿ, ಕನ್ನಡದಲ್ಲಿಯೂ, ತಮಿಳಿನಲ್ಲಿಯೂ. ತಳಿ, ಡೆಂಕಣಿಕೋಟೆಯ ಕಡೆ ಮೂರು ಭಾಷೆಗಳನ್ನೂ ಹದವರಿತು ಆಡುವ ಅಜ್ಜಿಯರಿದ್ದಾರೆ. ಅವರನ್ನು ಅಧ್ಯಾಪಕಿಯರನ್ನಾಗಿ ಕರೆತನ್ನಿ, ಗೌರವಧನವನ್ನೂ ಕೊಡಿ.